ಹೊಸ ಮೆಮೊರಿ ಚಿಪ್‌ಗಳು: ವೇಗಕ್ಕಿಂತ ಮೊದಲು ನೋಡಬೇಕಾದ್ದು

ಫೋನು, ಲ್ಯಾಪ್‌ಟಾಪ್‌ಗಳಲ್ಲಿ ಇಂದಿಗೂ ಎರಡು ಬಗೆಯ ಮೆಮೊರಿಯದೇ ಕಾರುಬಾರು: ಕೆಲಸದ ಹೊತ್ತಿನ ಡೇಟಾಕ್ಕೆ ಡಿ-ರ‍್ಯಾಮ್, ವಿದ್ಯುತ್ ಹೋದರೂ ಡೇಟಾ ಉಳಿಸಲು ಫ್ಲ್ಯಾಶ್. ಇವುಗಳ ಕೊರತೆ ನೀಗಲು ಬಂದ ಹೊಸ ಬಗೆಗಳೆಂದರೆ ಫೆರೋಎಲೆಕ್ಟ್ರಿಕ್ (ವಿದ್ಯುತ್ ಧ್ರುವದ ದಿಕ್ಕಿನಲ್ಲಿ ಬಿಟ್ ಇಡುವುದು), ಎಂ-ರ‍್ಯಾಮ್ (ಕಾಂತದ ದಿಕ್ಕಿನಲ್ಲಿ ಇಡುವುದು), ರೆಸಿಸ್ಟಿವ್ (ರೋಧದ ಬದಲಾವಣೆಯಲ್ಲಿ ಇಡುವುದು). ಡಿ-ರ‍್ಯಾಮ್‌ನ ಒಂದೊಂದು ಬಿಟ್ಟಿಗೂ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ಚಾರ್ಜ್ ಸೋರುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ರಿಫ್ರೆಶ್ ಮಾಡಬೇಕು, ಅಂದರೆ ಮತ್ತೆ ಚಾರ್ಜ್ ತುಂಬಬೇಕು; ಸಾಧನ ಸುಮ್ಮನಿದ್ದರೂ ಬ್ಯಾಟರಿ ಇಳಿಯಲು ಇದೂ ಒಂದು ಕಾರಣ. ಫ್ಲ್ಯಾಶ್‌ಗೆ ಆ ಕಾಟವಿಲ್ಲ. ಆದರೆ ಬರೆದದ್ದರ ಮೇಲೆ ನೇರವಾಗಿ ತಿದ್ದಿ ಬರೆಯಲಾಗದು, ಇಡೀ ಬ್ಲಾಕ್ ಅಳಿಸಬೇಕು. ಅಳಿಸಿದಷ್ಟೂ ಚಾರ್ಜ್ ಸೋರದಂತೆ ತಡೆಯುವ ಆಕ್ಸೈಡ್ ಪದರ ಹಾಳಾಗುತ್ತದೆ.

ಈ ಸವೆತವನ್ನು ಲೆಕ್ಕ ಹಾಕಿಯೇ ನೋಡಿ. ಸೆಕೆಂಡಿಗೊಂದು 16 ಬೈಟ್ ದಾಖಲೆ ಬರೆಯುವ ಕೈಗಡಿಯಾರ; ಅದರ ಫ್ಲ್ಯಾಶ್‌ನಲ್ಲಿ ಒಮ್ಮೆಗೆ ಅಳಿಸುವ ತುಂಡು (ಸೆಕ್ಟರ್) 4,096 ಬೈಟ್, ಬಾಳಿಕೆ 10,000 ಅಳಿಸುವಿಕೆ. ಪ್ರತಿ ಸಲವೂ ಅಳಿಸಿ ಬರೆದರೆ ಮೂರು ಗಂಟೆಯೊಳಗೆ ಆ ಸೆಕ್ಟರ್‌ನ ಆಯಸ್ಸು ತೀರಿತು. 256 ದಾಖಲೆ ಸಾಲಾಗಿ ತುಂಬಿದ ಮೇಲಷ್ಟೇ ಅಳಿಸಿದರೆ ಸುಮಾರು 30 ದಿನ. ಲಕ್ಷ ಕೋಟಿ ಬಾರಿ ಬರೆಯಬಲ್ಲ ಫೆರೋಎಲೆಕ್ಟ್ರಿಕ್ ಚಿಪ್ಪಿನಲ್ಲಿ ಈ ಕಸರತ್ತೇ ಬೇಡ. ಒಂದು ಎಚ್ಚರಿಕೆ: ಅದರಲ್ಲಿ ಓದಿದಾಗಲೂ ಬಿಟ್ ಅಳಿದು ಮತ್ತೆ ಬರೆಯಲ್ಪಡುತ್ತದೆ, ಹಾಗಾಗಿ ಓದುವುದೂ ಬಾಳಿಕೆಯ ಲೆಕ್ಕಕ್ಕೆ ಸೇರುತ್ತದೆ.

ಎಂ-ರ‍್ಯಾಮ್‌ನಲ್ಲಿ ಎರಡು ಕಾಂತೀಯ ಪದರಗಳ ನಡುವೆ ಸುಮಾರು 1 ನ್ಯಾನೋಮೀಟರ್ ಮೆಗ್ನೀಸಿಯಂ ಆಕ್ಸೈಡ್ ಇರುತ್ತದೆ. ಪದರಗಳ ದಿಕ್ಕು ಒಂದೇ ಆದರೆ ರೋಧ ಕಡಿಮೆ, ವಿರುದ್ಧವಾದರೆ ಹೆಚ್ಚು; ಇದನ್ನೇ 0, 1 ಎಂದು ಓದುವುದು. ಇಲ್ಲೊಂದು ಇಕ್ಕಟ್ಟು ಗಮನಿಸಿ: ದಿಕ್ಕು ಸುಲಭವಾಗಿ ತಿರುಗುವಂತೆ ಮಾಡಿದರೆ ಬರೆಯುವ ಕರೆಂಟ್ ತಗ್ಗುತ್ತದೆ, ಆದರೆ ಬಿಸಿಗೆ ತಾನಾಗಿಯೇ ತಿರುಗುವ ಅಪಾಯವೂ ಏರುತ್ತದೆ. ಎರಡನ್ನೂ ಒಟ್ಟಿಗೆ ಗೆಲ್ಲಲಾಗದು. ರೆಸಿಸ್ಟಿವ್ ಮೆಮೊರಿಯಲ್ಲಿ ವಾಹಕ ಎಳೆ ಕೂಡುವುದು, ಕಡಿಯುವುದು. ಪ್ರತಿ ಸಲ ಒಂದೇ ಥರ ಕೂಡದಿರುವುದೇ ಅದರ ತೊಂದರೆ.

ಹಾಗಾದರೆ ಇವು ಫ್ಲ್ಯಾಶ್‌ನ ಜಾಗ ಹಿಡಿಯುತ್ತವೆಯೇ? ಸಂಗ್ರಹಣೆಯಲ್ಲಿ ಸದ್ಯಕ್ಕೆ ಇಲ್ಲ. ಇಂಟೆಲ್ ಮತ್ತು ಮೈಕ್ರಾನ್ 2015ರಲ್ಲಿ ಘೋಷಿಸಿದ 3ಡಿ ಕ್ರಾಸ್‌ಪಾಯಿಂಟ್ ಎಂಬ ಹೊಸ ಮೆಮೊರಿ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಪದರದ ಮೇಲೆ ಪದರ ಏರಿಸುತ್ತ ಹೋದ ಫ್ಲ್ಯಾಶ್‌ನ ಬೆಲೆಗೆ ಇಳಿಯಲಿಲ್ಲ. 2022ರಲ್ಲಿ ಇಂಟೆಲ್, ಈ ಮೆಮೊರಿಯನ್ನು ಮಾರುತ್ತಿದ್ದ ತನ್ನ ಆಪ್ಟೇನ್ ವ್ಯವಹಾರ ಮುಚ್ಚುವುದಾಗಿ ಹೇಳಿತು. ನಿಜವಾದ ಅವಕಾಶ ಮೈಕ್ರೋಕಂಟ್ರೋಲರ್‌ನ (ಉಪಕರಣ ನಡೆಸುವ ಪುಟ್ಟ ಗಣಕ ಚಿಪ್) ಒಳಗಿದೆ. 28 ನ್ಯಾನೋಮೀಟರ್‌ಗಿಂತ ಸಣ್ಣ ತಯಾರಿಕಾ ತಲೆಮಾರಿನ ಚಿಪ್ಪುಗಳಲ್ಲಿ ಫ್ಲ್ಯಾಶ್ ಸೇರಿಸುವುದು ತೀರಾ ದುಬಾರಿ. ಎಂ-ರ‍್ಯಾಮ್ ಅನ್ನು ಟ್ರಾನ್ಸಿಸ್ಟರ್‌ಗಳ ಮೇಲಿನ ಲೋಹದ ಪದರಗಳ ನಡುವೆ ಕೂರಿಸಬಹುದು.

ಡೇಟಾಶೀಟ್ (ಚಿಪ್ಪಿನ ವಿವರಪತ್ರ) ಓದುವಾಗ ದಪ್ಪಕ್ಷರದ ವೇಗ ಬಿಟ್ಟು, ಡೇಟಾ ಎಷ್ಟು ವರ್ಷ, ಎಷ್ಟು ಡಿಗ್ರಿಯಲ್ಲಿ ಉಳಿಯುತ್ತದೆ ಎಂದು ಹುಡುಕಿ. ಚಿಪ್ಪನ್ನು ಬೋರ್ಡಿಗೆ ಕೂಡಿಸುವ ಬೆಸುಗೆಯ ಓವನ್ 260 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಆ ಬಿಸಿ ತಾಳುವ ಖಾತರಿ ಇಲ್ಲದಿದ್ದರೆ ಫರ್ಮ್‌ವೇರ್ (ಚಿಪ್ಪಿನಲ್ಲೇ ಉಳಿಯುವ ಪ್ರೋಗ್ರಾಂ) ಅನ್ನು ಬೆಸುಗೆಯ ನಂತರವೇ ಬರೆಯಬೇಕು. ಎಂ-ರ‍್ಯಾಮ್ ಆದರೆ ಕಾಂತಕ್ಷೇತ್ರದ ಮಿತಿಯನ್ನೂ ನೋಡಿ, ಸ್ಪೀಕರ್‌ನ ಆಯಸ್ಕಾಂತದಿಂದ ದೂರ ಇಡಿ.