ಪಕ್ಕದಲ್ಲಿದ್ದಾಗಲೇ ವಿರಹ

ವಿರಹ ಅಂದರೆ ದೂರ ಹೋದವರನ್ನು ನೆನೆದು ಕೊರಗುವುದು, ಅಲ್ವಾ? ಸ್ಪ್ಯಾನಿಷ್ ಭಾಷೆಯ ಬೊಲೆರೊ ಎಂಬ ಪ್ರೇಮಗೀತೆಗಳ ವಿರಹ ಬೇರೆ ಥರ. ಪ್ರೀತಿಸಿದವರು ಪಕ್ಕದಲ್ಲೇ ಇರುತ್ತಾರೆ. ಆದರೂ ಅವರನ್ನು ಕಳೆದುಕೊಳ್ಳುವ ನೋವು ಆಗಲೇ ಶುರುವಾಗಿರುತ್ತದೆ.

ಈ ಹಾಡಿನ ತವರು ಕ್ಯೂಬಾದ ಪೂರ್ವದಲ್ಲಿರುವ ಸಾಂಟಿಯಾಗೊ. ಬೊಲೆರೊ ಎಂಬ ಕುಣಿತ ಸ್ಪೇನ್‌ನಲ್ಲಿ ಮೊದಲೇ ಇತ್ತು. ಅದು ಮೂರು ಎಣಿಕೆಯ ತಾಳದ್ದು. ಕ್ಯೂಬಾದ್ದು ಎರಡು ಎಣಿಕೆಯದು, ಗಿಟಾರ್ ಹಿಡಿದು ಹಾಡುವಂಥದ್ದು. ಪೆಪೆ ಸಾಂಚೆಸ್ ಎಂಬ ದರ್ಜಿ 1880ರ ದಶಕದಲ್ಲಿ ಕಟ್ಟಿದ ‘ತ್ರಿಸ್ತೇಸಾಸ್’ ಮೊದಲ ಬೊಲೆರೊ ಎನ್ನುತ್ತಾರೆ. ಅವರು ಯಾರ ಬಳಿಯೂ ಸಂಗೀತ ಕಲಿತವರಲ್ಲ. ಹಾಡಿನ ಹೆಸರಿನ ಅರ್ಥ ‘ದುಃಖಗಳು’. ಹುಟ್ಟುವಾಗಲೇ ಈ ಹಾಡಿನ ಕಣ್ಣು ತುಂಬಿತ್ತು.

ಸಮುದ್ರ ದಾಟಿ ಅದು ಮೆಕ್ಸಿಕೊದ ಯುಕಟಾನ್‌ಗೆ ಬಂತು. ಅಲ್ಲಿ ರಾತ್ರಿ ಹೊತ್ತು ಹುಡುಗಿಯ ಕಿಟಕಿಯ ಕೆಳಗೆ ನಿಂತು ಹಾಡುವ ರೂಢಿಯಿತ್ತು. 1930ರಲ್ಲಿ ಮೆಕ್ಸಿಕೊ ನಗರದಲ್ಲಿ ಎಕ್ಸ್‌ಇಡಬ್ಲ್ಯೂ ರೇಡಿಯೊ ಶುರುವಾದ ಮೇಲೆ ಆ ಕಿಟಕಿ ಮನೆಮನೆಗೂ ಬಂತು. ಮೈಕ್ ಇದ್ದರೆ ಕೂಗಿ ಹಾಡಬೇಕಿಲ್ಲ. ಹಾಡು ಕಟ್ಟುವ ಅಗುಸ್ಟಿನ್ ಲಾರಾ ಪಿಯಾನೊ ಮುಂದೆ ಕೂತು ಮೆಲ್ಲಗೆ ಹಾಡಿದರೆ, ಕೇಳುವವರಿಗೆ ತಮ್ಮ ಕಿವಿಯಲ್ಲೇ ಹೇಳಿದಂತಿರುತ್ತಿತ್ತು. ಭಯವನ್ನು ಯಾರೂ ಕೂಗಿ ಹೇಳುವುದಿಲ್ಲವಲ್ಲ.

ಆ ಭಯವನ್ನು ಬಿಚ್ಚಿ ಹೇಳಿದವರು ಕೊನ್ಸುಯೆಲೊ ವೆಲಾಸ್ಕೆಸ್. ಹುಟ್ಟಿದ್ದು 1916ರಲ್ಲಿ, ಮೆಕ್ಸಿಕೊದ ಹಾಲಿಸ್ಕೊ ರಾಜ್ಯದಲ್ಲಿ. ಪಿಯಾನೊ ಕಲಿತ ಹುಡುಗಿ. ಸ್ಪೇನ್‌ನ ಸಂಗೀತಗಾರ ಗ್ರನಾಡೋಸ್ ಅವರ ಒಂದು ಪಿಯಾನೊ ಕೃತಿಯ ಛಾಯೆ ಹಿಡಿದು ‘ಬೇಸಮೆ ಮೂಚೊ’ ಕಟ್ಟಿದರು. ಅಂದರೆ ‘ನನಗೆ ತುಂಬಾ ಮುತ್ತು ಕೊಡು’. ಆಗ ತಮಗೆ ಯಾರೂ ಮುತ್ತು ಕೊಟ್ಟಿರಲಿಲ್ಲ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಹಾಡಿನ ಹುಡುಗಿ ಕೇಳುವುದು ಮುತ್ತನ್ನೇ. ಆದರೆ ಇವತ್ತಿನ ರಾತ್ರಿಯೇ ಕೊನೆಯದೇನೋ ಎನ್ನುವ ಹಾಗೆ. ಯಾಕೆಂದರೆ ಆಮೇಲೆ ನಿನ್ನನ್ನು ಕಳೆದುಕೊಂಡರೆ ಎಂಬ ಹೆದರಿಕೆ ಅವಳಿಗೆ. ನನಗೆ ಇಡೀ ಬೊಲೆರೊ ಪರಂಪರೆ ಈ ಒಂದು ಮಾತಿನಲ್ಲೇ ಕಾಣುತ್ತದೆ. ಮುತ್ತು ಅನುಭವದ್ದಲ್ಲ, ಹೆದರಿಕೆ ಮಾತ್ರ ನಿಜದ್ದು.

ಹಾಡು 1941ರಲ್ಲಿ ರೆಕಾರ್ಡ್ ಆಯಿತು. ಎರಡನೇ ಮಹಾಯುದ್ಧದ ಕಾಲ. 1944ರಲ್ಲಿ ಜಿಮ್ಮಿ ಡಾರ್ಸಿ ತಂಡದ ಇಂಗ್ಲಿಷ್ ಆವೃತ್ತಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಗಂಡನನ್ನೋ ಗೆಳೆಯನನ್ನೋ ಯುದ್ಧಕ್ಕೆ ಕಳಿಸಿದವರಿಗೆ ಈ ಹಾಡಿನ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅದೇ 1944ರಲ್ಲಿ ನ್ಯೂಯಾರ್ಕ್‌ನಲ್ಲಿ ‘ಲೋಸ್ ಪಾಂಚೋಸ್’ ಎಂಬ ಮೂವರ ತಂಡ ಸೇರಿತು. ಅದರಲ್ಲಿದ್ದ ಆಲ್ಫ್ರೆಡೊ ಹಿಲ್ ‘ರೆಕಿಂಟೊ’ ಎಂಬ ಚಿಕ್ಕ ಗಿಟಾರ್ ರೂಪಿಸಿದರು. ಅದರ ಶ್ರುತಿ ಎತ್ತರದ್ದು. ದನಿ ನಿಂತ ಕಡೆ ಅದು ಮಾತು ಮುಂದುವರಿಸುತ್ತದೆ.

1950ರ ದಶಕದಲ್ಲಿ ರೊಬೆರ್ಟೊ ಕಾಂಟೊರಾಲ್ ‘ಎಲ್ ರೆಲೊಹ್’ ಬರೆದರು. ಅಂದರೆ ಗಡಿಯಾರ. ಆ ಹಾಡಿನಲ್ಲಿ ಬೆಳಗಾದರೆ ಪ್ರೇಯಸಿ ಹೊರಟುಹೋಗುತ್ತಾಳೆ. ಅವನು ಅವಳನ್ನು ಇರು ಎಂದು ಕೇಳುವುದಿಲ್ಲ. ಗಡಿಯಾರವನ್ನೇ ಬೇಡಿಕೊಳ್ಳುತ್ತಾನೆ, ನಿಂತುಬಿಡು ಎಂದು.