ಭಾರತದ ಮೇಲಿನ ನಿರ್ಬಂಧ ಮುಗಿದಿದ್ದು ಯಾವಾಗ?

1998ರ ಮೇ 11 ಮತ್ತು 13ಕ್ಕೆ ಪೋಖ್ರಾನ್‌ನಲ್ಲಿ ಅಣು ಪರೀಕ್ಷೆ ಆಯ್ತು, ಅಮೆರಿಕ ನಮ್ಮ ಮೇಲೆ ಆರ್ಥಿಕ ನಿರ್ಬಂಧ ಹಾಕ್ತು, ಇಷ್ಟು ಎಲ್ಲರಿಗೂ ಗೊತ್ತು. ಅದು ಮುಗಿದಿದ್ದು ಯಾವಾಗ? ನನ್ನ ಎಕ್ಸೆಲ್ ಶೀಟಲ್ಲಿ ಆ ಒಂದು ಖಾನೆ ತುಂಬ್ಸೋಕೆ ನನಗೆ ಮೂರು ವಾರ ಹಿಡೀತು.

ನಾನು ಪೋಸ್ಟ್‌ಡಾಕ್, ಅಂದ್ರೆ ಪಿಎಚ್‌ಡಿ ಮುಗಿಸಿ ಎರಡು ವರ್ಷದ ಕಾಂಟ್ರಾಕ್ಟ್ ಮೇಲೆ ಸಂಶೋಧನೆ ಮಾಡ್ತಿರೋಳು. ಕೆಲಸ ಆರ್ಥಿಕ ನಿರ್ಬಂಧಗಳ ಡೇಟಾ ಕಟ್ಟೋದು. ಯಾವ ದೇಶ ಯಾರ ಮೇಲೆ ಹಾಕ್ತು, ವ್ಯಾಪಾರದ್ದಾ ಹಣಕಾಸಿನದ್ದಾ ಶಸ್ತ್ರಾಸ್ತ್ರದ್ದಾ, ಯಾತಕ್ಕೆ ಹಾಕಿದ್ರು, ಯಾವತ್ತು ತೆಗೆದ್ರು, ಹಾಕಿದವ್ರು ಕೇಳಿದ್ದು ಅವರಿಗೆ ಸಿಕ್ತಾ, ಇಷ್ಟೇ ಕಾಲಂಗಳು. ನೋಡಕ್ಕೆ ಗುಮಾಸ್ತರ ಕೆಲಸದ ಥರ ಇದೆ, ಆದ್ರೆ ಪ್ರತಿ ಖಾನೆಲೂ ಒಂದು ತೀರ್ಮಾನ ಕೂತಿರತ್ತೆ.

ಭಾರತದ ಸಾಲನ್ನೇ ತಗೊಳಿ. ಮೇನಲ್ಲಿ ನಿರ್ಬಂಧ ಬಂತು, ಜುಲೈಗೆಲ್ಲ ಅಮೆರಿಕದ ಕಾಂಗ್ರೆಸ್ಸು ಅಲ್ಲಿನ ಗೋಧಿ ಬೆಳೆಗಾರರ ಒತ್ತಡಕ್ಕೆ ತಮ್ಮ ಕೃಷಿ ಉತ್ಪನ್ನ ಕೊಳ್ಳೋಕೆ ಕೊಡೋ ಸಾಲಕ್ಕೆ ವಿನಾಯ್ತಿ ಕೊಟ್ಟುಬಿಡ್ತು. ಹಾಗಾದ್ರೆ ಸಡಿಲ ಆಯ್ತಾ ಅಂದ್ರೆ ಇಲ್ಲ, ಅದೇ ನವೆಂಬರ್‌ನಲ್ಲಿ ರಫ್ತು ನಿಯಂತ್ರಣದ ಪಟ್ಟಿಗೆ ಭಾರತದ ಸಂಸ್ಥೆಗಳ ಉದ್ದನೆಯ ಯಾದಿ ಸೇರ್ತು, ಅದರಲ್ಲಿ ನಮ್ಮ ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಇಸ್ರೋ ಎಲ್ಲಾ ಇದ್ವು. 2001ರ ಸೆಪ್ಟೆಂಬರ್ 22ಕ್ಕೆ ಬುಷ್ ನಿರ್ಬಂಧ ಎತ್ತಿದ್ರು, ಇಂಥ ಡೇಟಾ ಬಳಸೋ ಎಷ್ಟೋ ಜನ ಇಲ್ಲಿಗೆ ಮುಗೀತು ಅಂತ ಬರ್ಕೊತಾರೆ. ಆದ್ರೆ ಇಸ್ರೋದ ಕೆಲವು ಘಟಕಗಳ ಹೆಸರು ಆ ಪಟ್ಟಿಯಿಂದ ಹೋಗಿದ್ದು 2011ರ ಜನವರಿಯಲ್ಲಿ! ಮೂರು ವರ್ಷನಾ ಹನ್ನೆರಡು ವರ್ಷನಾ ಅನ್ನೋದು ಸಣ್ಣ ವ್ಯತ್ಯಾಸ ಅಲ್ಲ, ಮುಂದೆ ಯಾರೋ ಇದನ್ನ ಸರಾಸರಿಗೆ ಹಾಕ್ತಾರೆ. ಕೊನೆಗೆ ನಾನು ಆ ಸಾಲನ್ನ ಬಿಡಿಸಿ ಬಗೆಗೊಂದರಂತೆ ನಾಲ್ಕು ಸಾಲು ಮಾಡಿದೆ, ಪ್ರತಿಯೊಂದಕ್ಕೂ ಬೇರೆ ಮುಕ್ತಾಯದ ದಿನಾಂಕ.

ಇಷ್ಟಾದ್ರೂ ಒಂದು ವಿಷಯ ಹಿಡಿಯಕ್ಕೆ ಆಗ್ಲಿಲ್ಲ. ಆಗ ತೇಜಸ್ ವಿಮಾನದ ಫ್ಲೈಟ್ ಕಂಟ್ರೋಲ್ ಕೆಲಸಕ್ಕೆ ಅಂತ ಅಮೆರಿಕದಲ್ಲಿದ್ದ ನಮ್ಮ ಇಂಜಿನಿಯರ್‌ಗಳು ಕೆಲಸ ಅರ್ಧಕ್ಕೇ ಬಿಟ್ಟು ವಾಪಸ್ ಬರಬೇಕಾಯ್ತು. ಇಲ್ಲಿ ಮಾಡಿ ಮುಗಿಸಿ ವಿಮಾನ ಹಾರಿದ್ದು 2001ರ ಜನವರಿ 4ಕ್ಕೆ. ಆ ನಷ್ಟ, ಆಮೇಲೆ ಸ್ವಂತ ಕಲಿತಿದ್ದು, ಎರಡೂ ಯಾವ ಕಸ್ಟಮ್ಸ್ ಲೆಕ್ಕದಲ್ಲೂ ಬರಲ್ಲ, ಯಾಕಂದ್ರೆ ಗಡಿ ದಾಟಿದ್ದು ಸಾಮಾನಲ್ಲ. ಬರೀ ವ್ಯಾಪಾರದ ಅಂಕಿ ಇಟ್ಕೊಂಡು ನಿರ್ಬಂಧದಿಂದ ಏನೂ ಆಗ್ಲಿಲ್ಲ ಅನ್ನೋ ಪೇಪರ್ ನೋಡ್ದಾಗೆಲ್ಲ ನನಗೆ ಇದೇ ನೆನಪಾಗತ್ತೆ.

ಯಶಸ್ಸಿನ ಕಾಲಂ ಇನ್ನೂ ಕಷ್ಟ. ಈ ಕ್ಷೇತ್ರದ ಮೊದಲ ದೊಡ್ಡ ಡೇಟಾ ಹಫ್ಬಾವರ್, ಶಾಟ್, ಎಲಿಯಟ್ ಅನ್ನೋರದ್ದು. ಅವರ 1990ರ ಆವೃತ್ತಿಯಲ್ಲಿ 115 ಕೇಸು, ಅದರಲ್ಲಿ 40 ಯಶಸ್ವಿ. 1997ರಲ್ಲಿ ರಾಬರ್ಟ್ ಪೇಪ್ ಅನ್ನೋ ಅಮೆರಿಕದ ರಾಜ್ಯಶಾಸ್ತ್ರಜ್ಞ ಆ ನಲವತ್ತನ್ನೂ ಒಂದೊಂದಾಗಿ ಮತ್ತೆ ಓದಿ, ನಿಜವಾಗ್ಲೂ ನಿರ್ಬಂಧದಿಂದಲೇ ಗೆದ್ದಿದ್ದು 5 ಅಂದ್ರು, 18 ಕೇಸಲ್ಲಿ ಕೆಲಸ ಮಾಡಿದ್ದು ಸೈನ್ಯಬಲ, ಉಳಿದವು ಬೇರೆ ಬೇರೆ ಕಾರಣಕ್ಕೆ ಬಿದ್ದುಹೋದ್ವು. ಅದೇ ನಲವತ್ತು ಕೇಸು, ಓದಿದವ್ರು ಬೇರೆ ಅಷ್ಟೇ. ಭಾರತಕ್ಕೆ ಏನು ಹಾಕ್ಬೇಕು? ಸಿಟಿಬಿಟಿಗೆ, ಅಂದ್ರೆ ಅಣು ಪರೀಕ್ಷೆಗಳನ್ನ ಪೂರ್ತಿ ನಿಷೇಧಿಸೋ ಒಪ್ಪಂದಕ್ಕೆ, ಸಹಿ ಹಾಕಿ ಅಂದ್ರು, ನಾವು ಹಾಕ್ಲಿಲ್ಲ. ಇನ್ನು ಪರೀಕ್ಷೆ ಮಾಡ್ಬೇಡಿ ಅಂದ್ರು, ನಾವು ಮಾಡ್ಲಿಲ್ಲ, ಆದ್ರೆ ಮಾಡಲ್ಲ ಅಂತ ಆ ಮೇ ತಿಂಗಳಲ್ಲೇ ನಾವಾಗೇ ಹೇಳಿದ್ವಲ್ಲ! ನಾನು ವಿಫಲ ಅಂತ ಹಾಕಿದೀನಿ, ಯಾಕೆ ಅಂತ ಪಕ್ಕದ ಟಿಪ್ಪಣಿ ಕಾಲಂನಲ್ಲಿ ಪೂರ್ತಿ ಬರೆದಿದೀನಿ, ಒಪ್ಪದೇ ಇರೋರು ಬದಲಾಯಿಸಿ ಲೆಕ್ಕ ಹಾಕಿ ನೋಡ್ಲಿ.

ಇನ್ನೊಂದು, ಲೆಕ್ಕ ತಾಳೆ ನೋಡೋದು. ಒಬ್ಬರ ರಫ್ತು ಇನ್ನೊಬ್ಬರ ಆಮದು ಆಗಿರ್ಬೇಕಲ್ವಾ, ಆಮದಿನಲ್ಲಿ ಸಾಗಣೆ ಮತ್ತು ವಿಮೆ ಸೇರೋದ್ರಿಂದ ಸ್ವಲ್ಪ ಜಾಸ್ತಿ ಬರತ್ತೆ, ಅದು ಸರಿ. ಅದಕ್ಕಿಂತ ದೊಡ್ಡ ಕಂದಕ ಕಂಡ್ರೆ ಅಲ್ಲಿ ಏನೋ ಇದೆ. ಈಚಿನ ವರ್ಷಗಳಲ್ಲಿ ಚೀನಾದ ಕಸ್ಟಮ್ಸ್ ಲೆಕ್ಕ ತೆಗೆದ್ರೆ ಇರಾನ್‌ನಿಂದ ಕಚ್ಚಾ ತೈಲ ಬಂದಿದ್ದೇ ಕಾಣಲ್ಲ. ಆದ್ರೆ ಮಲೇಶಿಯಾದಿಂದ ಬಂದಿದ್ದು ಎಷ್ಟಿದೆ ಅಂದ್ರೆ ಮಲೇಶಿಯಾ ತನ್ನ ಬಾವಿಗಳಿಂದ ತೆಗೆಯೋದೇ ಅಷ್ಟಿಲ್ಲ! ಆ ಕಡೆಯ ಸಮುದ್ರದಲ್ಲಿ ಹಡಗಿಂದ ಹಡಗಿಗೆ ಎಣ್ಣೆ ಬದಲಾಗತ್ತೆ, ಕಾಗದದಲ್ಲಿ ಅದು ಬಂದ ದೇಶದ ಹೆಸರೂ ಬದಲಾಗತ್ತೆ. ಇದು ಗೊತ್ತಿಲ್ದೆ ಇರಾನ್ ಅಂಕಿನ ಹಾಗೇ ಮಾಡೆಲ್‌ಗೆ ಹಾಕಿದ್ರೆ, ನಿರ್ಬಂಧ ಅದ್ಭುತವಾಗಿ ಕೆಲಸ ಮಾಡ್ತು ಅಂತ ಫಲಿತಾಂಶ ಬರತ್ತೆ.

ಡೇಟಾ ಕಟ್ಟಿದವ್ರಿಗೆ ಪೇಪರ್‌ನ ಕೊನೇಲಿ ಒಂದು ಸಾಲು ಧನ್ಯವಾದ ಬರತ್ತೆ, ಹೆಸರು ಬರಲ್ಲ, ಇದು ನನಗೆ ನಿಜವಾಗ್ಲೂ ನೋವಾಗೋ ವಿಷಯ. ಅದಕ್ಕಿಂತ ನೋವು, ಕೋಡ್‌ಬುಕ್ (ಪ್ರತಿ ಕಾಲಂನ ಅರ್ಥ ಬರೆದಿಟ್ಟ ಕೈಪಿಡಿ) ಓದದೇನೇ ರಿಗ್ರೆಶನ್ (ಅಂಕಿಗಳ ನಡುವಿನ ಸಂಬಂಧ ಅಳೆಯೋ ಲೆಕ್ಕ) ಓಡಿಸೋದು. ಎಂಎ ಪ್ರಾಜೆಕ್ಟಿಗೆ ಇಂಥ ಡೇಟಾ ತಗೊಳೋರು ಮೊದಲು ಕೋಡ್‌ಬುಕ್ಕಲ್ಲಿ ಮುಕ್ತಾಯದ ದಿನಾಂಕ ಅಂದ್ರೆ ಏನು ಅಂತ ನೋಡಿ, ಆಮೇಲೆ ಖಾಲಿ ಖಾನೆಗಳನ್ನ ಎಣಿಸಿ. ಖಾಲಿ ಅಂದ್ರೆ ವ್ಯಾಪಾರ ನಡೀಲಿಲ್ಲ ಅಂತನಾ, ಅಥವಾ ಆ ದೇಶ ಆ ವರ್ಷ ಲೆಕ್ಕನೇ ಕೊಡ್ಲಿಲ್ಲ ಅಂತನಾ ಗೊತ್ತಾಗೋವರೆಗೂ ಅಲ್ಲಿ ಸೊನ್ನೆ ಬರೀಬೇಡಿ.