ಕೊಟ್ಟರೂ ಕಡಿಮೆಯಾಗದ ಹೆಪ್ಪು

2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆಗಳು ನಡೆದವು. ಸಂಡೂರಿನ ಲಂಬಾಣಿ ಕಸೂತಿಗೆ ಗಿನ್ನೆಸ್ ದಾಖಲೆಯೂ ಬಂತು. ಆವತ್ತಿನಿಂದ ನಮ್ಮ ಬಳ್ಳಾರಿ ಕಡೆ ಒಂದು ಮಾತು ಓಡಾಡುತ್ತಿದೆ: ನಮ್ಮೂರುಗಳೂ ಈಗ ವಿದೇಶಾಂಗ ವ್ಯವಹಾರಕ್ಕೆ ಇಳಿದಿವೆ ಅಂತ. ಇಳಿದಿಲ್ಲ ಸ್ವಾಮಿ! ಅಲ್ಲಿ ಮಾತಾಡಿದ್ದು ದೇಶಗಳು, ಹಂಪಿ ಕೊಟ್ಟಿದ್ದು ಜಾಗ. ಒಂದು ಊರು ತಾನೇ ಬಾಯಿಬಿಟ್ಟು ಬೇರೆ ದೇಶದ ಊರಿನ ಜೊತೆ ಮಾತಾಡುವುದು ಬೇರೆಯದೇ ಕಸುಬು. ನನಗೆ ಅದರಲ್ಲಿ ತುಂಬ ಇಷ್ಟವಾಗುವ ಸಂಗತಿ ಒಂದಿದೆ.

ಮೊದಲು, ದೇಶಗಳ ಮಾತುಕತೆ ಯಾಕೆ ಅಷ್ಟು ತಿಣುಕಾಟ? ರಾಯಚೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೃಷ್ಣೆ, ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿಗಾಗಿ ವಿಜಯನಗರವೂ ಬಹಮನಿಗಳೂ ತಲೆಮಾರುಗಟ್ಟಲೆ ಹೊಡೆದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಯನ್ನು ಇಸ್ಮಾಯಿಲ್ ಆದಿಲ್ ಶಾಹನಿಂದ ಕಿತ್ತುಕೊಂಡ. ಪೋರ್ಚುಗೀಸ್ ಕೋವಿಗಾರರೂ ಅವನ ಜೊತೆಗಿದ್ದರು. ಕೋಟೆ ವಾಪಸ್ ಕೊಡಿ ಎಂದು ವಿಜಾಪುರದ ರಾಯಭಾರಿ ಬಂದಾಗ, ನಿಮ್ಮ ಸುಲ್ತಾನ ಬಂದು ನನ್ನ ಕಾಲಿಗೆ ಮುತ್ತಿಡಲಿ, ಕೊಡುತ್ತೇನೆ ಎಂದನಂತೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ಕಥೆ ಇದು. ಮುತ್ತು ಬೀಳಲಿಲ್ಲ, ಕೋಟೆಯೂ ಹೋಗಲಿಲ್ಲ. ನೆಲದ ಗುಣವೇ ಹಾಗೆ. ನನ್ನ ಹತ್ತಿರ ಇದ್ದರೆ ನಿನ್ನ ಹತ್ತಿರ ಇಲ್ಲ. ನೀರು, ಕಚ್ಚಾ ಎಣ್ಣೆ, ಗಡಿ ಎಲ್ಲವೂ ಇದೇ ಜಾತಿ.

ಊರುಗಳು ಕೊಟ್ಟು ತೆಗೆದುಕೊಳ್ಳುವ ಸರಕು ಮಾತ್ರ ಹೆಪ್ಪಿನ ಹಾಗೆ. ಪಕ್ಕದ ಮನೆಯವರು ಬಟ್ಟಲು ಹಿಡಿದು ಬಂದರೆ ಒಂದು ಚಮಚ ಮಜ್ಜಿಗೆ ಹಾಕಿ ಕಳಿಸುತ್ತೇವೆ. ಅವರ ಮನೆಯಲ್ಲಿ ಮೊಸರಾಗುತ್ತದೆ, ನಮ್ಮ ಮನೆಯ ಮೊಸರು ಕಡಿಮೆಯಾಗುವುದಿಲ್ಲ. ಚರಂಡಿ ಕಟ್ಟುವ, ಕಸ ಬೇರ್ಪಡಿಸುವ, ಬಸ್ ಓಡಿಸುವ ಉಪಾಯಗಳೂ ಹೀಗೇ ಮನೆಯಿಂದ ಮನೆಗೆ ಹೋಗುತ್ತವೆ.

ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ ಹತ್ತಿದ್ದೀರಾ? ಬಸ್ಸಿನ ನೆಲ, ನಿಲ್ದಾಣದ ಕಟ್ಟೆ ಎರಡೂ ಒಂದೇ ಎತ್ತರ. ಮೊಣಕಾಲು ನೋವಿನ ಅಜ್ಜಿ ಮೆಟ್ಟಿಲು ಹತ್ತದೆ ಸೀದಾ ಒಳಗೆ ನಡೆಯುತ್ತಾರೆ. ಟಿಕೆಟ್ ಮೊದಲೇ ತೆಗೆದುಕೊಂಡಿರುವುದರಿಂದ ಬಾಗಿಲಲ್ಲಿ ಚಿಲ್ಲರೆ ಜಗಳವಿಲ್ಲ. ಬಸ್ಸಿಗೆಂದೇ ಬೇರೆ ದಾರಿ. ಈ ಹೆಪ್ಪು ಬಂದಿದ್ದು ಎಲ್ಲಿಂದ ಗೊತ್ತಾ? ಬ್ರೆಜಿಲ್‌ನ ಕುರಿಟಿಬಾದಿಂದ. ಮೆಟ್ರೋ ಕಟ್ಟುವಷ್ಟು ದುಡ್ಡಿಲ್ಲದ ಆ ಊರು 1974ರಲ್ಲಿ ಬಸ್ಸಿಗೆ ಪ್ರತ್ಯೇಕ ದಾರಿ ಮಾಡಿತು. 1991ರಲ್ಲಿ ಕೊಳವೆಯಾಕಾರದ ನಿಲ್ದಾಣ ಕಟ್ಟಿ, ಹತ್ತುವ ಮೊದಲೇ ಟಿಕೆಟ್ ಅಂದಿತು. ಅಲ್ಲಿಂದ 2000ದಲ್ಲಿ ಕೊಲಂಬಿಯಾದ ಬೊಗೊಟಾಗೆ, 2009ರಲ್ಲಿ ಅಹಮದಾಬಾದಿಗೆ, 2018ರಲ್ಲಿ ಹುಬ್ಬಳ್ಳಿಗೆ. ಹುಬ್ಬಳ್ಳಿಯವರು ಅದನ್ನು ಬೈಯುವುದೂ ಉಂಟು, ಅದು ಬೇರೆ ಮಾತು.

ಹಾಗಂತ ಹೆಪ್ಪು ಹಾಕಿದ ಕೂಡಲೇ ಮೊಸರಾಗುವುದಿಲ್ಲ. ಹಾಲು ನಮ್ಮದೇ ಆಗಬೇಕು, ಹದವಾಗಿ ಬೆಚ್ಚಗಿರಬೇಕು. ದೆಹಲಿ 2008ರಲ್ಲಿ ಇಂಥದ್ದೇ ಬಸ್ ದಾರಿ ಮಾಡಿತು. ಕಾರಿನವರು ಕೂಗಾಡಿದರು, ಸಿಗ್ನಲ್‌ಗಳಲ್ಲಿ ವಾಹನಗಳು ಕಿಕ್ಕಿರಿದವು. 2016ರಲ್ಲಿ ಅದನ್ನು ಕಿತ್ತುಹಾಕಿದರು. ಅದೇ ಹೆಪ್ಪು, ಹಾಲು ಕೆಟ್ಟಿತು.

ಊರುಗಳ ನಂಟಿಗೆ ಮಿತಿಯೂ ಇದೆ. 1940ರಲ್ಲಿ ಜರ್ಮನ್ ಬಾಂಬಿಗೆ ನುಚ್ಚುನೂರಾದ ಇಂಗ್ಲೆಂಡಿನ ಕವೆಂಟ್ರಿಯ 830 ಹೆಂಗಸರು ಒಂದು ಮೇಜುಬಟ್ಟೆಯ ಮೇಲೆ ತಮ್ಮ ಹೆಸರು ಕಸೂತಿ ಹಾಕಿ, ತಮ್ಮಂತೆಯೇ ನೊಂದ ರಷ್ಯಾದ ಸ್ಟಾಲಿನ್‌ಗ್ರಾಡ್‌ಗೆ ಕಳಿಸಿದರು. 1944ರಲ್ಲಿ ಎರಡೂ ಊರು ಅವಳಿಗಳಾದವು, ಅಂದರೆ ಊರಿಗೆ ಊರು ಅಧಿಕೃತವಾಗಿ ನಂಟು ಕಟ್ಟಿಕೊಂಡವು. ಶೀತಲ ಸಮರವನ್ನೂ ದಾಟಿ ಬಂದ ಆ ನಂಟನ್ನು 2022ರಲ್ಲಿ, ಯುಕ್ರೇನ್ ಯುದ್ಧ ಶುರುವಾದಾಗ, ಕವೆಂಟ್ರಿಯೇ ತಡೆಹಿಡಿಯಿತು. ನಮ್ಮಲ್ಲಂತೂ ವಿದೇಶ ವ್ಯವಹಾರ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ. ಮೇಯರ್ ಒಪ್ಪಂದಕ್ಕೆ ಸಹಿ ಹಾಕಬೇಕೆಂದರೆ ದೆಹಲಿಯ ಒಪ್ಪಿಗೆ ಬೇಕು. ಉಪಾಯ ಕೇಳುವುದಕ್ಕೆ, ಹೇಳುವುದಕ್ಕೆ ಯಾರ ಅಡ್ಡಿ?

ಬಿಸಿಲಿನ ವಿಷಯವನ್ನೇ ನೋಡಿ. ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಾವೇ ನಗುತ್ತೇವಲ್ವಾ? 2010ರ ಮೇ ತಿಂಗಳ ಬಿಸಿಲಿಗೆ ಅಹಮದಾಬಾದಿನಲ್ಲಿ ಮಾಮೂಲಿಗಿಂತ ಸಾವಿರಕ್ಕೂ ಜಾಸ್ತಿ ಜನ ಸತ್ತರು. ಆಮೇಲೆ ಆ ಊರು ಭಾರತದ, ಅಮೆರಿಕದ ಆರೋಗ್ಯ ಸಂಸ್ಥೆಗಳ ಜೊತೆ ಕೂತು, 2013ರಲ್ಲಿ ಬಿಸಿಲು ಎದುರಿಸುವ ಯೋಜನೆ ಮಾಡಿತು. ಮುನ್ನೆಚ್ಚರಿಕೆ ಸಂದೇಶ, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ಕುಡಿಯುವ ನೀರು ಎಲ್ಲ ಅದರಲ್ಲಿವೆ. ಬೇರೆ ಊರುಗಳು ಅದನ್ನು ನೋಡಿ ಕಲಿತವು. ಸ್ಪೇನಿನ ಸೆವಿಲ್ ಇನ್ನೂ ಮುಂದೆ ಹೋಗಿ, 2022ರಲ್ಲಿ ಒಂದು ಬಿಸಿಗಾಳಿಗೆ ಝೋಯಿ ಅಂತ ಹೆಸರೇ ಇಟ್ಟಿತು. ಹೆಸರಿದ್ದರೆ ಜನ ಹುಷಾರಾಗುತ್ತಾರೆ ಅಂತ ಲೆಕ್ಕ.

ಕೊಡಲು ನಮ್ಮಲ್ಲೂ ಇದೆ. ಏಪ್ರಿಲ್, ಮೇನಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವುದು ನಮಗೆ ತೀರಾ ಮಾಮೂಲಿ. ರಾಯಚೂರು, ಕೊಪ್ಪಳದ ಹಳೇ ಮನೆಗಳ ದಪ್ಪ ಗೋಡೆ, ಮಣ್ಣಿನ ಮಾಳಿಗೆ ನಮಗೆ ಹಳೇ ಕಾಲದ್ದು. ಈಗಷ್ಟೇ ಸುಡಲು ಶುರುವಾದ ಯುರೋಪಿನ ಊರುಗಳಿಗೆ ಇವೆಲ್ಲ ಕೇಳಿ ತಿಳಿಯುವಂಥ ವಿಷಯಗಳೇ.

ಆದರೆ ಅವರು ಕೇಳಬೇಕಾದ್ದು ಯಾರನ್ನು? ಬ್ರೆಜಿಲ್ ದೇಶದ ಸಾವೊ ಪಾಲೊ ನಗರಾಡಳಿತದಲ್ಲಿ ಹೊರದೇಶಗಳ ವ್ಯವಹಾರಕ್ಕೇ ಒಂದು ಇಲಾಖೆ ಇದೆ. ನಮ್ಮ ಪಾಲಿಕೆಗಳಿಗೆ ಸೆವಿಲ್‌ನಿಂದ ಕಾಗದ ಬಂದರೆ ಅದು ಆರೋಗ್ಯ ಶಾಖೆಯ ಟೇಬಲ್ಲಿಗೋ, ಎಂಜಿನಿಯರ್ ಟೇಬಲ್ಲಿಗೋ? ಅಷ್ಟು ದೊಡ್ಡ ಇಲಾಖೆಯೇನೂ ಬೇಡ. ಶುರುವಿಗೆ ಆಸಕ್ತಿ ಇರುವ ಒಬ್ಬ ಎಂಜಿನಿಯರ್‌ಗೆ ಈ ಕೆಲಸ ವಹಿಸಿದರೂ ಆದೀತು, ವರ್ಷದೊಳಗೆ ಅವರಿಗೆ ವರ್ಗವಾಗದಿದ್ದರೆ.